ಬಾಗಿಲು ಮುಚ್ಚುವ ಹಬ್ಬ

ಹೊಸ ಕ್ಯಾಲೆಂಡರಿನ ಸುರುಳಿ ಬಿಚ್ಚಿದಾಗ ಬರುವ ವಾಸನೆ ನನಗೆ ಆಗಿಬರುವುದಿಲ್ಲ. ಪ್ರೆಸ್ಸಿನ ಶಾಯಿ, ಅಂಟು, ಹೊಸ ಕಾಗದ ಎಲ್ಲ ಕಲೆತ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಮನಸ್ಸು ಕೆಡುತ್ತದೆ. ಕುಣಿಗಲ್ಲಿನ ನಮ್ಮ ದಿನಸಿ ಅಂಗಡಿಯವನು ಈ ಸಲವೂ ಸಾಮಾನಿನ ಚೀಲದ ಮೇಲೆ ಒಂದು ಸುರುಳಿ ಇಟ್ಟು ಕಳಿಸಿದ್ದ. ಮನೆಯವರೆಲ್ಲ ಯಾವ ರಜೆ ಭಾನುವಾರಕ್ಕೆ ಬಿದ್ದು ಹಾಳಾಗಿದೆ ಎಂದು ನೋಡುತ್ತಾರೆ. ನಾನು ಮೊದಲು ಹುಡುಕುವುದು ಅಧಿಕ ಮಾಸವನ್ನು. ಈ ವರ್ಷ ಇದೆ. ಜ್ಯೇಷ್ಠವೇ ಎರಡು ಸಲ ಬಂದಿದೆ. ಆ ವರ್ಷವೂ ಹೀಗೆಯೇ ಆಗಿತ್ತು...

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಸೇರಿದೆ. ನಮ್ಮೂರು ಗುಬ್ಬಿ. ದಿನಾ ಓಡಾಡುವುದು ಆಗದೆ, ಅವ್ವನನ್ನೂ ಕರೆದುಕೊಂಡು ಬಂದು ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದೆ. ಒಂದೇ ಕಾಂಪೌಂಡಿನಲ್ಲಿ ಮೂರು ಮನೆ. ಮುಂದಿನದು ಮಾಲೀಕರಾದ ಸಾಹೇಬರದು. ಅವರಿಗೆ ಮಂಡಿಪೇಟೆಯಲ್ಲಿ ಹಗ್ಗದ ವ್ಯಾಪಾರವಿತ್ತು. ನಡುವಿನದು ನಮ್ಮದು. ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ನಮ್ಮ ಸ್ಕೂಲಿನ ಹೊಲಿಗೆ ಮೇಡಂ ಇದ್ದರು.

ಅವರು ಬೊಂಬಾಯಿ ಕಡೆಯವರು. ಗಂಡ ರೈಲ್ವೆಯಲ್ಲಿದ್ದರು, ಗುಬ್ಬಿ ಸ್ಟೇಷನ್ನಿಗೆ ವರ್ಗವಾಗಿ ಬಂದು, ಅಲ್ಲೇ ಇದ್ದಾಗ ತೀರಿಕೊಂಡರಂತೆ. ಮಕ್ಕಳಿರಲಿಲ್ಲ. ಕೈಯಲ್ಲಿ ಹೊಲಿಗೆಯ ಡಿಪ್ಲೊಮಾ ಇದ್ದದ್ದರಿಂದ ಈ ಕೆಲಸ ಸಿಕ್ಕಿತ್ತು. ರೈಲ್ವೆ ಕ್ವಾರ್ಟರ್ಸಿನಲ್ಲಿ, ನಿಟ್ಟೂರಿನಿಂದ ಹಾಲು ಮೊಸರು ತರುತ್ತಿದ್ದ ಹೆಂಗಸರ ಜೊತೆ ಮಾತಾಡಿ ಕಲಿತ ಕನ್ನಡ ಅವರದು. ನಮ್ಮವ್ವನಿಗಿಂತ ಹಳ್ಳಿಯ ಕನ್ನಡವಾಗಿತ್ತು. ಧರ್ಮ ಯಾವುದು ಎಂದು ಯಾರಾದರೂ ಕೇಳಿದರೆ 'ಯೆಹೂದಿ' ಎನ್ನುತ್ತಿದ್ದರು. ಕೇಳಿದವರು ತಲೆಯಾಡಿಸಿ, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, 'ಅಂದ್ರೆ ಕ್ರಿಶ್ಚನ್ನರೋ ಸಾಬರೋ?' ಎಂದು ಕೇಳುತ್ತಿದ್ದರು. ಮೊದಮೊದಲು ನಾನು ಬಿಡಿಸಿ ಹೇಳುತ್ತಿದ್ದೆ, ಆಮೇಲೆ ಬೇಸತ್ತು ಸುಮ್ಮನಾದೆ.

ಅವರ ವಾರ ನಮ್ಮ ವಾರದ ಹಾಗಿರಲಿಲ್ಲ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಅಡುಗೆ ಮುಗಿಸಿ, ಸೀಮೆಎಣ್ಣೆ ಸ್ಟೌ ಆರಿಸಿ, ಗಾಜಿನ ಲೋಟದಲ್ಲಿ ಎಣ್ಣೆ ಬತ್ತಿ ಇಟ್ಟು ದೀಪ ಹಚ್ಚಿದರೆ ಮುಗಿಯಿತು. ಶನಿವಾರ ಸಂಜೆ ಚುಕ್ಕಿ ಮೂಡುವವರೆಗೆ ಬೆಂಕಿ ಮುಟ್ಟುವಂತಿಲ್ಲ, ಬಸ್ಸು ಹತ್ತುವಂತಿಲ್ಲ, ಬರೆಯುವಂತಿಲ್ಲ, ಸೂಜಿ ಹಿಡಿಯುವಂತಿಲ್ಲ. ಹೊಲಿಗೆ ಟೀಚರಿಗೆ ಸೂಜಿ ಹಿಡಿಯಬಾರದ ದಿನ! ನಮ್ಮ ರಾಜ್ಯದಲ್ಲಿ ಶನಿವಾರ ಬೆಳಗ್ಗೆ ಸ್ಕೂಲು ಇದ್ದೇ ಇರುತ್ತದೆ. ಅವರು ಬೆಳಕು ಹರಿಯುತ್ತಲೇ ಎದ್ದು ನಡೆದುಕೊಂಡು ಬರುತ್ತಿದ್ದರು. ಕ್ಲಾಸಿನಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ಬರೀ ಬಾಯಲ್ಲಿ ಹೇಳಿಕೊಡುತ್ತಿದ್ದರು. 'ಇನ್ನೊಂದು ಎಳೆ ಆ ಕಡೆ ತಗಳಮ್ಮ, ಎಳೀಬ್ಯಾಡ, ಸಡ್ಲ ಬುಡು...' ಹುಡುಗಿಯರು ತಪ್ಪು ಹಾಕಿದಾಗ ಅವರ ಹೆಬ್ಬೆರಳು ತೋರುಬೆರಳು ಬೆನ್ನ ಹಿಂದೆಯೇ ತಿರುಗುತ್ತಿದ್ದದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಹಾಜರಿ ಪುಸ್ತಕಕ್ಕೆ ಶನಿವಾರದ ಸಹಿಯನ್ನು ಸೋಮವಾರ ಹಾಕುತ್ತಿದ್ದರು. ಅದಕ್ಕೆ ಪ್ರತಿ ವಾರ ಒಂದು ರಗಳೆ.

ನಮ್ಮ ಹೆಡ್‌ಮಿಸ್ಟ್ರೆಸ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗುತ್ತಿತ್ತು. ಆಕೆ ವೆಂಕಟರಮಣನ ಒಕ್ಕಲು. ಶನಿವಾರ ಒಪ್ಪೊತ್ತು. ಈರುಳ್ಳಿ ಹಾಕದ ಉಪ್ಪಿಟ್ಟನ್ನು ಡಬ್ಬಿಯಲ್ಲಿ ತಂದು ಮಧ್ಯಾಹ್ನ ತಿನ್ನುತ್ತಿದ್ದರು. ಹೊಲಿಗೆ ಮೇಡಂ ಮೊದಲ ಸಲ ಶನಿವಾರದ ವಿಷಯ ಹೇಳಿಕೊಂಡಾಗ ಆಕೆ ಅಂದದ್ದು ಇಷ್ಟು: "ನಾನೂ ಶನಿವಾರ ಮಾಡ್ತೀನಲ್ಲಮ್ಮ, ನಾನೇನು ಸ್ಕೂಲಿಗೆ ಬರಲ್ವಾ?"

ಇದಕ್ಕೆ ಏನು ಉತ್ತರ ಹೇಳುತ್ತೀರಿ? ಮೇಡಂ ನಕ್ಕು ಕ್ಲಾಸಿಗೆ ಹೋದರು. ಮೈಯೆಲ್ಲ ಉರಿದದ್ದು ನನಗೆ. ಮನೆಗೆ ಬರುವ ದಾರಿಯುದ್ದಕ್ಕೂ ನಾನೇ ಅವರ ಪರವಾಗಿ ಜಗಳ ಆಡುತ್ತಾ ಬಂದೆ. ಅವರು ತಮ್ಮ ಹಿರಿಯರ ಕಥೆ ಹೇಳಿದರು. ಕೊಂಕಣದ ಹಳ್ಳಿಗಳಲ್ಲಿ ಅವರ ಜನ ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರಂತೆ. ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಊರವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರಂತೆ. "ಹಳ್ಳಿಯೋರು ಏನೂ ಅಂತಿರ್ಲಿಲ್ಲ ಕಣಮ್ಮ. ಎಣ್ಣೆ ಬೇಕಾದ್ರೆ ಶುಕ್ರವಾರವೇ ತಗೊಂಡೋಗೋರು," ಎಂದರು. ಯಾವುದೋ ಕಾಲದ ಹಳ್ಳಿಗೆ ತಿಳಿದದ್ದು ನಮ್ಮ ಓದಿದವರ ಸ್ಕೂಲಿಗೆ ತಿಳಿಯಲಿಲ್ಲವಲ್ಲ ಎಂದು ನಾನು ಇನ್ನಷ್ಟು ಕುದಿದೆ.

ಆದರೆ ಶನಿವಾರಗಳ ವಿಷಯದಲ್ಲಿ ಅವರು ಹೇಗೋ ಹೊಂದಿಕೊಂಡಿದ್ದರು. ಅವರು ಬಿಟ್ಟುಕೊಡಲು ತಯಾರಿಲ್ಲದ್ದು ವರ್ಷಕ್ಕೊಮ್ಮೆ ಬರುವ ಒಂದೇ ಒಂದು ದಿನವನ್ನು. ಅವರ ಜನ ಅದನ್ನು ಬಾಗಿಲು ಮುಚ್ಚುವ ಹಬ್ಬ ಎನ್ನುತ್ತಿದ್ದರಂತೆ. ಹಿಂದಿನ ಸಂಜೆಯಿಂದ ಒಂದು ಹನಿ ನೀರೂ ಕುಡಿಯದೆ, ಬಿಳಿ ಬಟ್ಟೆ ಉಟ್ಟು, ಬಾಗಿಲು ಹಾಕಿಕೊಂಡು, ಹೊರಗಿನವರ ಜೊತೆ ಮಾತಿಲ್ಲದೆ, ವರ್ಷದ ತಪ್ಪನ್ನೆಲ್ಲ ದೇವರ ಮುಂದೆ ಒಪ್ಪಿಸುವ ದಿನ. "ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಆದ್ರೂ ನಡೀತದೆ. ಇದೊಂದು ತಪ್ಪಿದ್ರೆ ಆ ವರ್ಷದ ಲೆಕ್ಕ ಹಂಗೇ ನಿಂತೋಯ್ತದೆ," ಎನ್ನುತ್ತಿದ್ದರು. ಗಂಡ ಹೋದ ವರ್ಷ ಕೂಡ ಅವರು ಆ ದಿನ ತಪ್ಪಿಸಿರಲಿಲ್ಲ.

ಆ ದಿನ ಯಾವತ್ತು ಬರುತ್ತದೆ ಎಂದು ತಿಳಿಸುವುದಕ್ಕೆ ಬೊಂಬಾಯಿಯಲ್ಲಿದ್ದ ಅವರ ತಮ್ಮ ಪ್ರತಿ ವರ್ಷ ಒಂದು ಪುಟ್ಟ ಕ್ಯಾಲೆಂಡರ್ ಅಂಚೆಯಲ್ಲಿ ಕಳಿಸುತ್ತಿದ್ದರು. ನಾನು ಸೇರಿದ ವರ್ಷ ಅದು ಸರಿಯಾಗಿ ನಮ್ಮ ವಿಜಯದಶಮಿಗೆ ಬಿತ್ತು. ಮರುವರ್ಷವೂ ಅಷ್ಟೇ, ದಸರಾದಲ್ಲೇ ಬಂತು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಮಹಾಲಯ ಅಮಾವಾಸ್ಯೆಯ ಕಪ್ಪು ಬೊಟ್ಟಿನಿಂದ ಬೆರಳಿಟ್ಟು ಎಣಿಸಿದರೆ ಹತ್ತನೆಯ ದಿನ ಅವರ ಹಬ್ಬ. ಅವ್ವನಿಗೆ ಆದ ಖುಷಿ ಅಷ್ಟಿಷ್ಟಲ್ಲ. "ನೋಡವ್ವ, ನಿಮ್ದೂ ನಮ್ದೂ ಒಂದೇಯ!" ಎಂದು ಹೋಳಿಗೆ ಹೂರಣ ರುಬ್ಬುತ್ತಲೇ ಹೇಳಿದಳು. ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ಹೆಡ್‌ಮಿಸ್ಟ್ರೆಸ್ಸಿಗೆ. ದಸರಾ ರಜದಲ್ಲೇ ಬರುವ ಹಬ್ಬಕ್ಕೆ ಬೇರೆ ರಜ ಕೊಡಬೇಕಾಗಿರಲಿಲ್ಲವಲ್ಲ.

ಸಾಹೇಬರು ಮಾತ್ರ ಒಪ್ಪಲಿಲ್ಲ. ಶನಿವಾರ ಸಂಜೆ ಮೇಡಂ ಅಂಗಳದಲ್ಲಿ ಚುಕ್ಕಿ ಹುಡುಕುತ್ತಾ ನಿಂತಿದ್ದರೆ, ರಂಜಾನ್ ಮುಗಿಯುವ ಹೊತ್ತಿಗೆ ಅವರು ಅದೇ ಅಂಗಳದಲ್ಲಿ ಚಂದ್ರನನ್ನು ಹುಡುಕುತ್ತಾ ನಿಲ್ಲುತ್ತಿದ್ದರು. "ಆಸ್ಮಾನ್ ನೋಡಿ ಮಾಡೋ ಹಬ್ಬಾನ ಅಂಗಡಿ ಕ್ಯಾಲೆಂಡರ್ ನೋಡಿ ಮಾಡ್ಬೇಡಿ ಬೆಹೆನ್," ಎಂದು ಒಂದೇ ಸಲ ಹೇಳಿದ್ದರು. ನಾವು ನಕ್ಕೆವು.

ಮೂರನೆಯ ವರ್ಷ ಬೊಂಬಾಯಿಯ ಕ್ಯಾಲೆಂಡರ್ ಬರಲಿಲ್ಲ. ತಮ್ಮ ಇಸ್ರೇಲಿಗೆ ಹೊರಟಿದ್ದರು, ಮನೆ ಖಾಲಿ ಮಾಡುವ, ಪಾಸ್‌ಪೋರ್ಟಿನ ಓಡಾಟ ಎಂದು ತಿಳಿದಿತ್ತು. ಮೇಡಂ ಕಾರ್ಡು ಬರೆದರು, ಉತ್ತರವಿಲ್ಲ. ಒಂದು ಭಾನುವಾರ ನಾವಿಬ್ಬರೂ ಟೆಲಿಗ್ರಾಫ್ ಆಫೀಸಿಗೆ ಹೋಗಿ, ತಮ್ಮನ ಪಕ್ಕದ ಮನೆಯ ನಂಬರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕಾದೆವು. ಲೈನ್ ಸಿಗಲಿಲ್ಲ. ಇಡೀ ತುಮಕೂರಿನಲ್ಲಿ ಕೇಳಬಹುದಾದ ಒಬ್ಬರೂ ಇರಲಿಲ್ಲ. ಬೆಂಗಳೂರಿನಲ್ಲಿ ಕೆಲವು ಮನೆಗಳಿವೆಯಂತೆ, ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ನಮ್ಮ ಗೋಡೆಯ ಕ್ಯಾಲೆಂಡರೇ ಗತಿಯಾಯಿತು. ಆ ವರ್ಷ ಜ್ಯೇಷ್ಠ ಎರಡು ಬಂದು ಎಲ್ಲ ಹಬ್ಬವೂ ಮುಂದಕ್ಕೆ ಹೋಗಿತ್ತು. ನಮ್ಮ ಹಬ್ಬದ ಜೊತೆ ಅವರದೂ ಮುಂದಕ್ಕೆ ಹೋಗಿರುತ್ತದೆ ಎಂದುಕೊಂಡೆವು. ಹೆಡ್‌ಮಿಸ್ಟ್ರೆಸ್ ಅಂತೂ, "ಎರಡು ವರ್ಷ ದಸರಾದಲ್ಲೇ ಬಂದಿದ್ದು ಈಗ ಎಲ್ಲಿಗ್ ಹೋಗುತ್ತೆ?" ಎಂದು ಮುಗಿಸಿಬಿಟ್ಟರು.

ಆದರೆ ಆ ವರ್ಷ ದಸರಾದಲ್ಲೂ ಬಿಡುವಿರಲಿಲ್ಲ. ಊರಿನ ದಸರಾ ವಸ್ತುಪ್ರದರ್ಶನದಲ್ಲಿ ನಮ್ಮ ಸ್ಕೂಲಿಗೂ ಒಂದು ಮಳಿಗೆ ಕೊಟ್ಟಿದ್ದರು. ಕಸೂತಿ, ಉಲ್ಲನ್, ಹೊಲಿಗೆ ಸಾಮಾನು ಇಟ್ಟು ತೋರಿಸುವವರು ಹೊಲಿಗೆ ಮೇಡಂ ಅಲ್ಲದೆ ಮತ್ಯಾರು? ವಿಜಯದಶಮಿಯ ದಿನವೂ ಅವರೇ ಕೂರಬೇಕು. ಮೇಡಂ ಕೇಳಿಕೊಂಡರು, ನಾನೂ ಹೋಗಿ ಕೇಳಿದೆ. ನೋಡೋಣ, ನೋಡೋಣ ಎಂದು ಹೆಡ್‌ಮಿಸ್ಟ್ರೆಸ್ ದಿನ ತಳ್ಳಿದರು.

ಗಣಪತಿ ಹಬ್ಬ ಆದ ಮರುವಾರ ಇನ್‌ಸ್ಪೆಕ್ಷನ್ ಗೊತ್ತಾಯಿತು. ಸೋಮವಾರ ಬರುತ್ತಾರೆ. ಆಫೀಸು, ಸ್ಟಾಫ್ ರೂಮು, ಲೈಬ್ರರಿ ಎಲ್ಲ ಬಾಗಿಲಿಗೂ ಹೊಸ ಪರದೆ ಆಗಬೇಕು ಎಂದು ಹೆಡ್‌ಮಿಸ್ಟ್ರೆಸ್ ಹಟ ಹಿಡಿದರು. ದಪ್ಪನೆಯ ಮರೂನ್ ಬಟ್ಟೆಯ ಥಾನು ಬಂದಿಳಿದದ್ದು ಶುಕ್ರವಾರ ಮಧ್ಯಾಹ್ನ. ಹುಡುಗಿಯರ ಕೈಲಿ ಆಗುವ ಹೊಲಿಗೆಯಲ್ಲ. ದರ್ಜಿಗೆ ಕೊಡೋಣ ಎಂದರೆ, 'ನಮ್ಮ ಹೊಲಿಗೆ ವಿಭಾಗದ್ದೇ' ಎಂದು ಇನ್‌ಸ್ಪೆಕ್ಟರಿಗೆ ತೋರಿಸಬೇಕಲ್ಲ! ಹೊಲಿಗೆ ಮೇಡಂ ಭಾನುವಾರ ಕೂತು ಹೊಲಿಯುತ್ತೇನೆ ಎಂದರು. ಭಾನುವಾರ ಪರದೆ ತೂಗಿಸಿ, ಇಸ್ತ್ರಿ ಮಾಡಿಸಿ, ತೋರಣ ಕಟ್ಟಿಸುವುದಿದೆ, ಆಗುವುದಿಲ್ಲ ಎಂದರು ಹೆಡ್‌ಮಿಸ್ಟ್ರೆಸ್. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದರು: "ನಾಳೆ ಒಂದು ದಿನ ಹೊಲಿದುಕೊಡಿ. ವಿಜಯದಶಮಿ ದಿನ ನಿಮ್ಮನ್ನ ಎಕ್ಸಿಬಿಷನ್ ಡ್ಯೂಟಿಯಿಂದ ಬಿಟ್ಟೆ. ಬಾಗಿಲು ಹಾಕ್ಕೊಂಡು ನಿಮ್ಮ ಹಬ್ಬ ಮಾಡ್ಕೊಳ್ಳಿ. ಯಾರೂ ಕರೆಯಲ್ಲ."

ಆಗುವುದಿಲ್ಲ ಎಂದುಬಿಡಿ ಎಂದು ದಾರಿಯಲ್ಲಿ ಮೇಡಂಗೆ ಹೇಳಿದೆ. ನನಗೆ ಹೊಲಿಗೆ ಬರುತ್ತಿದ್ದರೆ ನಾನೇ ಕೂರುತ್ತಿದ್ದೆ, ಸೂಜಿಗೆ ದಾರ ಪೋಣಿಸುವುದಕ್ಕೂ ಒದ್ದಾಡುವವಳು ನಾನು. ಮನೆಯ ಗೇಟಿನ ಹತ್ತಿರ ಬಂದಾಗ ಅವರು ಅಂದರು, "ಶನಿವಾರ ವಾರಕ್ಕೊಂದು ಬರ್ತದೆ. ಆ ದಿನ ವರ್ಷಕ್ಕೆ ಒಂದೇ. ಒಂದು ಕೊಟ್ಟು ಅದನ್ನ ಉಳಿಸ್ಕೊಂತೀನಿ ಬುಡಮ್ಮ." ಅಷ್ಟು ವರ್ಷದಲ್ಲಿ ಅವರು ಬಿಟ್ಟುಕೊಟ್ಟ ಮೊದಲ ಶನಿವಾರ ಅದು.

ಮರುದಿನ ಸ್ಕೂಲು ಬಿಟ್ಟ ಮೇಲೆ ಹೊಲಿಗೆ ರೂಮಿನಲ್ಲಿ ಅವರು ಮಿಷನ್ ಮುಂದೆ ಕೂತರು. ಬಟ್ಟೆ ಹಿಡಿದುಕೊಡುವುದಕ್ಕೆ ನಾನೂ ಕೂತೆ. ಮೊದಲು ಕಾಲಿಟ್ಟಾಗ ಪೆಡಲು ತುಳಿಯಲೇ ಇಲ್ಲ, ಸುಮ್ಮನೆ ಚಕ್ರದ ಮೇಲೆ ಕೈಯಿಟ್ಟುಕೊಂಡಿದ್ದರು. ಆಮೇಲೆ ಬಿರಬಿರನೆ ಹೊಲಿದರು, ಬೇಗ ಮುಗಿದುಹೋಗಲಿ ಎನ್ನುವ ಹಾಗೆ. ಸ್ಕೂಲಿನ ಹಿಂದಿನ ಬೀದಿಯಲ್ಲಿ ಗಣಪತಿ ಇಟ್ಟಿದ್ದರು. ಬಿಡುವ ಮೆರವಣಿಗೆ ಹೊರಟು ತಮಟೆ, ಡೋಲು ಕಿಟಕಿಯವರೆಗೆ ಬಂತು. ಮೇಡಂ ಪೆಡಲು ನಿಲ್ಲಿಸಿದರು. "ಬೊಂಬಾಯಲ್ಲಿ ನಾನು ಚಿಕ್ಕೋಳಿದ್ದಾಗ, ನಾವು ಬಾಗಿಲು ಹಾಕ್ಕೊಂಡು ಕೂತಿದ್ರೆ ಹೊರಗಡೆ ಹಿಂಗೇ ಗಣಪತಿ ಡೋಲು ಕೇಳ್ಸದು..." ಎಂದರು. ಬೆರಳು ಮಡಿಚುತ್ತಾ ಏನೋ ಎಣಿಸುತ್ತಿದ್ದರು. ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ತಮ್ಮ ಡಬ್ಬಿ ಹಿಡಿದುಕೊಂಡೇ ಒಳಗೆ ಬಂದರು. ಹಸಿದಿರುತ್ತೀರಿ ಎಂದು ತಮ್ಮ ಪಾಲಿನ ಉಪ್ಪಿಟ್ಟನ್ನು ಮುಚ್ಚಳಕ್ಕೆ ಹಾಕಿ, ಎದುರಿಗೇ ನಿಂತು ತಿನ್ನಿಸಿದರು, ಕಾಫಿ ತರಿಸಿ ಕುಡಿಸಿದರು. ಪ್ರೀತಿಯಿಂದಲೇ. ಮೇಡಂ ತಿಂದು, ಕೈ ತೊಳೆದು, ಮತ್ತೆ ಹೊಲಿಯುವುದಕ್ಕೆ ಕೂತರು.

ಇನ್‌ಸ್ಪೆಕ್ಷನ್ ಚೆನ್ನಾಗಿ ಆಯಿತು. ಬಂದವರು ಪರದೆಯ ಕಡೆ ತಿರುಗಿಯೂ ನೋಡಲಿಲ್ಲ.

ವಿಜಯದಶಮಿ ಬಂತು. ಹೆಡ್‌ಮಿಸ್ಟ್ರೆಸ್ ಮಾತು ಉಳಿಸಿಕೊಂಡರು, ಮಳಿಗೆಗೆ ಬೇರೆಯವರನ್ನು ಹಾಕಿದರು. ಹಿಂದಿನ ಸಂಜೆಯೇ ಮೇಡಂ ಬಿಳಿ ಸೀರೆ ಉಟ್ಟು ಬಾಗಿಲು ಹಾಕಿಕೊಂಡಿದ್ದರು. ಕಾಂಪೌಂಡಿನಲ್ಲಿ ಯಾರೂ ಜೋರಾಗಿ ಮಾತಾಡಬಾರದೆಂದು ಸಾಹೇಬರು ತಮ್ಮ ಮನೆಯವರಿಗೆಲ್ಲ ಹೇಳಿಟ್ಟಿದ್ದರು. ಬೆಳಗ್ಗೆ ನಾನು ಬನ್ನಿ ಎಲೆ ಹಿಡಿದು ಬರುವಾಗ, ಗೇಟಿನ ಹತ್ತಿರ ಸೂಟ್‌ಕೇಸ್ ಇಟ್ಟುಕೊಂಡು ಒಬ್ಬರು ನಿಂತಿದ್ದರು. ಮೇಡಂ ಮುಖವೇ, ಮೀಸೆ ಇಟ್ಟ ಹಾಗೆ. ತಮ್ಮ ಎಂದು ಕೂಡಲೇ ತಿಳಿಯಿತು. ದೇಶ ಬಿಡುವ ಮುಂಚೆ ಅಕ್ಕನನ್ನು ನೋಡಿಕೊಂಡು ಹೋಗಲು ಮಿರಜದ ರೈಲಿನಲ್ಲಿ ಬಂದಿದ್ದರು. ಅಕ್ಕ ಬಾಗಿಲು ತೆಗೆಯುವ ಹೊತ್ತಲ್ಲ, ಬನ್ನಿ, ನಮ್ಮಲ್ಲಿ ಕೂತಿರಿ ಎಂದು ನನ್ನ ಅರೆಬರೆ ಹಿಂದಿಯಲ್ಲಿ ಕರೆದೆ. ಅವ್ವ ಕಾಫಿ ತಂದಳು. ಅವರು ಲೋಟ ತೆಗೆದುಕೊಂಡು ಕುಡಿದೇಬಿಟ್ಟರು.

ಮೇಡಂ ಒಂದು ಹನಿ ನೀರೂ ಕುಡಿಯದೆ ಕೂತಿರುವ ದಿನ, ಅವರ ಒಡಹುಟ್ಟಿದವರು ಆರಾಮಾಗಿ ಕಾಫಿ ಕುಡಿಯುತ್ತಿದ್ದಾರೆ! "ನೀವು ಇವತ್ತು ಉಪವಾಸ ಇಲ್ಲವಾ?" ಎಂದು ಕೇಳಿದೆ.

"ಇವತ್ತು ಯಾವ ಉಪವಾಸ?" ಎಂದರು ಅವರು. "ಅದು ಹೋದ ತಿಂಗಳೇ ಆಯಿತಲ್ಲ. ಶನಿವಾರ ಬಂದಿತ್ತು. ಗಣಪತಿ ಗಲಾಟೆಯಲ್ಲಿ..."

ಹೇಳುತ್ತಾ ಹೇಳುತ್ತಾ ಅವರಿಗೇ ಹೊಳೆಯಿತು. ಕ್ಯಾಲೆಂಡರ್ ಕಳಿಸುವುದು ಮರೆತಿತ್ತು. ಲೋಟ ಕೆಳಗಿಟ್ಟು ಹಣೆ ಹಿಡಿದುಕೊಂಡರು. ಆಮೇಲೆ ಅವರೇ ವಿವರಿಸಿದರು. ಅವರಲ್ಲೂ ನಮ್ಮ ಹಾಗೆ ಕೆಲವು ವರ್ಷ ಒಂದು ತಿಂಗಳು ಹೆಚ್ಚಿಗೆ ಬರುತ್ತದಂತೆ. ಆದರೆ ನಮಗೆ ಬಂದ ವರ್ಷವೇ ಅವರಿಗೂ ಬರಬೇಕೆಂದಿಲ್ಲ. ಆ ವರ್ಷ ನಮಗಿತ್ತು, ಅವರಿಗಿರಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ತಿಂಗಳ ಲೆಕ್ಕವಲ್ಲ, ಮರೂನ್ ಬಟ್ಟೆ. ಆ ದಿನವನ್ನು ಉಳಿಸಿಕೊಳ್ಳುವುದಕ್ಕೆ ಮೇಡಂ ಕೊಟ್ಟದ್ದು ಆ ದಿನವನ್ನೇ.

ಅವರು ಹೋಗಿ ಅಕ್ಕನ ಬಾಗಿಲು ತಟ್ಟಿದರು. ಒಂದೇ ರೆಕ್ಕೆ ತೆರೆಯಿತು. ಮರಾಠಿಯಲ್ಲಿ ಮಾತಾಯಿತು, ತಮ್ಮನದೇ ಹೆಚ್ಚು. ಮೇಡಂ ದನಿ ಏರಲೇ ಇಲ್ಲ. ನಾನು ಅಂಗಳದಲ್ಲಿ ಬನ್ನಿ ಎಲೆ ಹಿಡಿದುಕೊಂಡು ನಿಂತೇ ಇದ್ದೆ. ಕೊನೆಗೆ ಮೇಡಂ ನನ್ನ ಕಡೆ ತಿರುಗಿ, "ಅವತ್ತು ಡೋಲು ಕೇಳಿಸ್ತು ಅಲ್ವೇನಮ್ಮ..." ಎಂದರು. ಅಷ್ಟೇ. ಊಟ ಮಾಡಿ ಎಂದು ಅವ್ವ ಅತ್ತುಕೊಂಡೇ ಕರೆದಳು. ತಮ್ಮನೂ ಕರೆದರು. ಹೆಂಗೂ ಶುರು ಮಾಡಿದೀನಿ, ಮುಗಿಸ್ತೀನಿ ಎಂದು ಮತ್ತೆ ಬಾಗಿಲು ಹಾಕಿಕೊಂಡರು. ಚುಕ್ಕಿ ಮೂಡುವವರೆಗೆ ತೆಗೆಯಲಿಲ್ಲ.

ರಜ ಮುಗಿದ ಮೇಲೆ ಹೆಡ್‌ಮಿಸ್ಟ್ರೆಸ್ಸಿಗೆ ನಾನೇ ಹೋಗಿ ಹೇಳಿದೆ. ಆಕೆ ನಿಜವಾಗಿಯೂ ನೊಂದುಕೊಂಡರು. ಆಮೇಲೆ ಹೇಳಿದರು, "ಹೋಗ್ಲಿ ಬಿಡಮ್ಮ, ಯಾವ ದಿನ ಮಾಡಿದ್ರೇನು, ದೇವರಿಗೆ ಗೊತ್ತಾಗಲ್ವಾ?" ಶಾರದಾ ಪೂಜೆಗೆ ರಾಹುಕಾಲ ತಪ್ಪಿಸಲು ಇಡೀ ಸ್ಕೂಲನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದವರು ಆಡಿದ ಮಾತು ಇದು. ನನಗೆ ಕಿರುಚಬೇಕೆನಿಸಿತು. ಕಿರುಚಲಿಲ್ಲ. ಯಾರ ಮೇಲೆ ಕಿರುಚುವುದು? ಆಕೆಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ, ಮರೆತ ತಮ್ಮನೂ ಬೇಕೆಂದು ಮರೆತವರಲ್ಲ. ಬೈಯುವುದಕ್ಕೆ ಒಬ್ಬರಾದರೂ ಸರಿಯಾಗಿ ಸಿಕ್ಕಿದ್ದರೆ ನಾನು ಇಷ್ಟು ವರ್ಷ ಒಳಗೇ ಕುದಿಯುತ್ತಿರಲಿಲ್ಲ.

ಮೇಡಂ ದಿನಾ ಆ ಪರದೆ ಸರಿಸಿಕೊಂಡೇ ಆಫೀಸಿಗೆ ಹೋಗಿ ಸಹಿ ಹಾಕಬೇಕಿತ್ತು. ಬೇರೆಯವರು ಅಂಚು ಹಿಡಿದು ಎತ್ತಿದರೆ, ಅವರು ಮುಟ್ಟದೆ ಭುಜದಿಂದ ತಳ್ಳಿಕೊಂಡು ಒಳಗೆ ಹೋಗುತ್ತಿದ್ದರು. ಬೇಸಿಗೆ ರಜಕ್ಕೆ ಮುಂಚೆ ರಾಜೀನಾಮೆ ಕೊಟ್ಟರು. ತಮ್ಮ ಅಲ್ಲಿಂದ ಕರೆಸಿಕೊಳ್ಳುವ ವ್ಯವಸ್ಥೆ ಮಾಡಿದ್ದರು. ಹೋಗಬೇಡಿ ಎಂದು ನಾನು ಹೇಳಲಿಲ್ಲ, ಹೇಳುವ ಮುಖವಿರಲಿಲ್ಲ. ಸ್ಟೇಷನ್ನಿನಲ್ಲಿ ಅವ್ವ ಬುತ್ತಿ ಕೊಟ್ಟಳು, ಸಾಹೇಬರು ಟ್ರಂಕಿಗೆ ತಮ್ಮ ಅಂಗಡಿಯ ಹಗ್ಗ ಬಿಗಿದುಕೊಟ್ಟರು. "ಅಲ್ಲಿ ಆ ದಿನ ಊರಿಗೂರೇ ಬಾಗಿಲು ಹಾಕ್ತಾರಂತೆ ಕಣಮ್ಮ," ಎಂದರು ಮೇಡಂ ಕಿಟಕಿಯಿಂದ. "ನಾನು ಯಾರ್ನೂ ಕೇಳಂಗಿಲ್ಲ." ನಗುತ್ತಲೇ ಹೇಳಿದರು. ರೈಲು ಹೊರಟ ಮೇಲೆ ನಾನು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಅತ್ತೆ. ಸಂಕಟಕ್ಕಿಂತ ಸಿಟ್ಟೇ ಜಾಸ್ತಿಯಿತ್ತು.

ಪರದೆ ಬಹಳ ವರ್ಷ ಬಾಳಿತು. ಅಷ್ಟು ಗಟ್ಟಿ ಹೊಲಿಗೆ. ಬಣ್ಣ ಮಾಸಿ ಇಟ್ಟಿಗೆಪುಡಿಯ ಹಾಗಾದರೂ ಒಂದು ಹೊಲಿಗೆಯೂ ಬಿಚ್ಚಲಿಲ್ಲ. ಮದುವೆಯಾಗಿ ಕುಣಿಗಲ್ಲಿಗೆ ವರ್ಗ ಮಾಡಿಸಿಕೊಂಡು ನಾನು ಬರುವಾಗಲೂ ಅದೇ ತೂಗುತ್ತಿತ್ತು...

ಮೊನ್ನೆ ಈ ಕ್ಯಾಲೆಂಡರ್ ಬಿಚ್ಚಿಕೊಂಡು ಕೂತಿದ್ದಾಗ ಮೊಮ್ಮಗಳು ಪಕ್ಕಕ್ಕೆ ಬಂದಳು. ಯೆಹೂದಿಗಳ ಆ ಉಪವಾಸದ ಹಬ್ಬ ಈ ವರ್ಷ ಯಾವತ್ತು ಬರುತ್ತದೆ ನೋಡೇ ಎಂದೆ. ಅವಳು ಫೋನಿಗೆ ಬೆರಳು ತಾಗಿಸಿದಳು. "ಸೋಮವಾರ ಅಜ್ಜಿ. ಗಣಪತಿ ಹಬ್ಬ ಆಗಿ ಒಂದು ವಾರಕ್ಕೆ." ನಮ್ಮವ್ವ ಲೋಟಕ್ಕೆ ಕಾಫಿ ಬಗ್ಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಟ್ರಂಕ್ ಕಾಲಿಗೆ ಕಾದ ಆ ಬೆಂಚು ನೆನಪಾಯಿತು.

"ಯಾರಿಗೆ ಹೇಳ್ಬೇಕಿತ್ತು ಅಜ್ಜಿ?" ಎಂದು ಕೇಳಿದಳು.

ಯಾರಿಗೂ ಇಲ್ಲ ಕಣೇ ಎಂದೆ. ಅವರು ಈಗ ಇದ್ದರೆ ತುಂಬ ವಯಸ್ಸಾಗಿರುತ್ತದೆ. ಇರುವುದು ಅನುಮಾನ. ಇದ್ದರೂ ಅವರಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಪೆನ್ಸಿಲ್ ತೆಗೆದುಕೊಂಡು ಆ ಸೋಮವಾರದ ಸುತ್ತ ಒಂದು ಗೀಟು ಎಳೆದು, ಕ್ಯಾಲೆಂಡರನ್ನು ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ.